ಮೀನಿಗೆ ಮೀಸಲಾದ ಎಡಗೈ

ನಮ್ಮ ಮಾವನ ಬಲಗೈಯ ಬೆರಳುಗಳು ಕಾಚು ಮೆತ್ತಿದ ಹಾಗೆ ಕಂದಾಗಿದ್ದವು, ಉಗುರುಗಳಂತೂ ಕಪ್ಪು. ಫೋಟೊ ತೊಳೆಯುವ ಔಷಧಿಯ ಕಲೆ ಅದು. ಸೀಗೆಪುಡಿ, ಹುಣಸೆಹಣ್ಣು ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಎಡಗೈ ಮಾತ್ರ ಬೆಳ್ಳಗೆ, ಬೇರೆ ಯಾರದೋ ಕೈ ತಂದು ಜೋಡಿಸಿದ ಹಾಗೆ. ಆ ಕೈಯನ್ನು ಅವರು ಔಷಧಿಗೆ ಅದ್ದುತ್ತಲೇ ಇರಲಿಲ್ಲ. ಅದು ಮೀನಿನ ಕೈ.

ಮಾವ ಎಂದರೆ ನನ್ನ ಗಂಡನ ತಂದೆ. ಸಾಗರದ ಪೇಟೆ ಬೀದಿಯಲ್ಲಿ ಅವರ ಫೋಟೊ ಸ್ಟುಡಿಯೋ, ಅದರ ಹಿಂದೆಯೇ ಮನೆ. ಅರವತ್ತರ ದಶಕದ ಮೊದಲಲ್ಲಿ ನಾನು ಸೊಸೆಯಾಗಿ ಹೋದಾಗ, ಗಿರಾಕಿಗಳು ಕೂರುವ ಬೆಂಚಿನ ಎದುರು ಕಬ್ಬಿಣದ ಚೌಕಟ್ಟಿನ ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಮಾಲಿ ಎಂಬ ಜಾತಿಯ, ಮಸಿಯಷ್ಟು ಕಪ್ಪಾದ ಮೀನುಗಳು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಸಂಸಾರ ಅದು. ಈ ಮೀನು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅದನ್ನು ನೋಡಲೆಂದೇ ಜನ ಬರುತ್ತಿದ್ದರು, ಬಂದವರನ್ನೆಲ್ಲ ಮಾವ ಬೈಯುತ್ತಿದ್ದರು.

ಅಷ್ಟು ಸಿಡುಕಿನ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಸಿಟ್ಟಿನಲ್ಲಿ ಮುಕ್ಕಾಲು ಪಾಲು ಮೀನಿನ ಲೆಕ್ಕಕ್ಕೇ ಹೋಗುತ್ತಿತ್ತು. ನಮ್ಮ ಕಡೆಯ ನೀರು ಸಪ್ಪೆ, ಮಾಲಿಗೆ ಗಡಸು ನೀರು ಬೇಕು. ಅದಕ್ಕಾಗಿ ಹೊನ್ನಾವರದಿಂದ ಬರುವವರ ಕೈಯಲ್ಲಿ ಸಮುದ್ರದ ಚಿಪ್ಪು ತರಿಸಿ ತೊಟ್ಟಿಯ ತಳಕ್ಕೆ ಹರಡುತ್ತಿದ್ದರು, ಕಲ್ಲುಪ್ಪು ಕರಗಿಸಿ ಸ್ವಲ್ಪ ಸ್ವಲ್ಪವೇ ಸೇರಿಸುತ್ತಿದ್ದರು. ಅದು ತಪ್ಪಿದರೆ ಮೀನು ಇದ್ದಲ್ಲೇ ನಿಂತು ಚಳಿಜ್ವರ ಬಂದವರಂತೆ ನಡುಗುತ್ತದೆ. ತಾಮ್ರ ಮೀನಿಗೆ ವಿಷ, ಹಾಗಾಗಿ ತಾಮ್ರದ ಕೊಡದ ನೀರು ಹಾಕುವಂತಿಲ್ಲ, ಮಣ್ಣಿನ ಮಡಕೆಯದೇ ಆಗಬೇಕು. ನೀರನ್ನು ಪೂರ್ತಿ ಬದಲಿಸುವಂತಿಲ್ಲ. ಒಂದಷ್ಟು ತೆಗೆದು ಅಷ್ಟೇ ಹಾಕಬೇಕು. ತಿನ್ನಲು ಬೇಯಿಸಿದ ಹರಿವೆ ಸೊಪ್ಪು, ಚಳಿಗಾಲದ ರಾತ್ರಿ ತೊಟ್ಟಿಗೆ ಕಂಬಳಿ.

"ನಾನು ಒಂದು ಕಂಬಳಿ ಕೇಳಿದ್ರೆ ಮುಂದಿನ ವರ್ಷ ನೋಡನ ಅಂತಾರೆ" ಎಂದು ಅತ್ತೆ ಗೊಣಗುತ್ತಿದ್ದರು.

ತುಂಗೆಯ ದಡದ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವುದು ನಮ್ಮ ಜನಕ್ಕೆ ರೂಢಿ. ಒಮ್ಮೆ ಮದುವೆಯ ದಿಬ್ಬಣವೊಂದು ಫೋಟೊ ತೆಗೆಸಲು ಬಂತು. ಮದುಮಗಳ ಅತ್ತೆ ಭಕ್ತಿಯಿಂದ ಒಂದು ಹಿಡಿ ಮಂಡಕ್ಕಿಯನ್ನೂ ಒಂದು ಚಿಟಿಕೆ ಕುಂಕುಮವನ್ನೂ ತೊಟ್ಟಿಗೆ ಹಾಕಿ ಕಣ್ಣು ಮುಚ್ಚಿ ನಿಂತರು. ಮಾವ ಕ್ಯಾಮೆರಾದ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದರು.

"ಅಮ್ಮಾ, ಇದು ದೇವ್ರ ಮೀನಲ್ಲ, ನನ್ನ ಮೀನು. ನಿಮ್ಮ ಫೋಟೊ ತೆಗೆಯಲ್ಲ, ನಡೀರಿ."

ಇಡೀ ದಿಬ್ಬಣವನ್ನು ಬೀದಿಗೆ ಕಳಿಸಿ, ಎಡಗೈಯಿಂದ ಮಂಡಕ್ಕಿ ಹೆಕ್ಕುತ್ತಾ ಕೂತರು. ಆ ಮಧ್ಯಾಹ್ನ ನಮಗೆ ಗಂಜಿಯೂಟ.

ಅವರ ಇನ್ನೊಂದು ಕಟ್ಟುನಿಟ್ಟು ಬಸುರಿ ಮೀನಿನದು. ಹೊಟ್ಟೆ ಚೌಕವಾಗಿ ಊದಿಕೊಂಡ ಮೇಲೆ ಅದನ್ನು ಎತ್ತಿ ಬೇರೆ ಪಾತ್ರೆಗೆ ಬಿಡಬಾರದು. ಹೆದರಿ ಅಕಾಲದಲ್ಲಿ ಮರಿ ಹಾಕುತ್ತದೆ, ತಾನೂ ಸಾಯುತ್ತದೆ. "ಬೇರೆ ಇಡೋದಾದ್ರೆ ಮುಂಚೆನೇ ಇಡ್ಬೇಕು. ಇಲ್ಲಾಂದ್ರೆ ಮುಟ್ಲೇಬಾರ್ದು" ಎನ್ನುತ್ತಿದ್ದರು.

ಆಮೇಲೆ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತವರು ತೀರ್ಥಹಳ್ಳಿಯಿಂದಲೂ ಆಚೆ, ಬಸ್ಸಿಳಿದು ದೋಣಿ ದಾಟಿ ನಡೆಯಬೇಕಾದ ಹಳ್ಳಿ. ಏಳನೇ ತಿಂಗಳಿಗೆ ಕರೆದೊಯ್ಯಬೇಕಿತ್ತು. ಮಳೆಗೆ ರಸ್ತೆ ಕುಸಿದು ಬಸ್ಸು ನಿಂತಿತ್ತು. ಎಂಟರಲ್ಲಿ ಕರೆದೊಯ್ಯುವ ಪದ್ಧತಿ ಇಲ್ಲ. ಒಂಬತ್ತು ತುಂಬುತ್ತಾ ಬಂದಾಗ ನಮ್ಮಪ್ಪ ಒಳ್ಳೆಯ ದಿನ ನೋಡಿಕೊಂಡು ಬಂದರು. ಹೊಂಡಗಳಲ್ಲಿ ಎತ್ತಿಹಾಕುವ ಬಸ್ಸಿನಲ್ಲಿ ಹೊಸನಗರದ ಮೇಲೆ ತೀರ್ಥಹಳ್ಳಿಗೆ, ಅಲ್ಲಿಂದ ತುಂಬಿದ ಹೊಳೆ ದಾಟಿ ಹೋಗಬೇಕಿತ್ತು. ಅತ್ತೆ ನನ್ನ ಟ್ರಂಕು ಕಟ್ಟಿಟ್ಟಿದ್ದರು. ಗಂಡ ಅದಕ್ಕೆ ಹಗ್ಗ ಬಿಗಿಯುತ್ತಿದ್ದರು. ಎಲ್ಲರೂ ದಿನ, ಗಳಿಗೆ, ಬುತ್ತಿಯ ಮಾತಾಡಿದರೇ ಹೊರತು ಹೊಟ್ಟೆ ಹೊತ್ತವಳನ್ನು ಒಂದು ಮಾತು ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಕತ್ತಲೆ ಕೋಣೆಯಿಂದ ಬಂದ ಮಾವ ಟ್ರಂಕು ನೋಡಿದರು, ನನ್ನನ್ನು ನೋಡಿದರು.

"ನಿಂಗೆ ಎಂತ ಅನ್ಸುತ್ತೆ ಮಾರಾಯ್ತಿ? ಹೋಗ್ತೀಯಾ?"

"ಭಯ ಆಗ್ತದೆ ಮಾವ" ಎಂದೆ.

"ಹಂಗಾದ್ರೆ ಹೋಗದು ಬೇಡ."

ಅಪ್ಪ ಹೌಹಾರಿದರು. "ಎಂತ ಮಾತು ಬೀಗ್ರೆ? ಊರಲ್ಲಿ ನಾನು ಹೇಗೆ ಮುಖ ಎತ್ತೋದು? ಮಗಳಿಗೆ ಒಂದು ಬಾಣಂತನ ಮಾಡೋ ಯೋಗ್ಯತೆ ಇಲ್ಲ ಅನ್ನಲ್ವಾ ಜನ?"

"ಜನ ಹೆರ್ತಾರಾ? ಇಂಥ ಹೊತ್ತಲ್ಲಿ ನಾನು ಒಂದು ಮೀನನ್ನೂ ಎತ್ತಲ್ಲ. ನೀವು ಹುಡುಗಿನ ಈ ರಸ್ತೇಲಿ ಕುಲುಕಿಸ್ಕೊಂಡು ಹೋಗ್ತೀರಾ?"

"ನನ್ನ ಮಗಳು ಮೀನಲ್ಲ" ಎಂದರು ಅಪ್ಪ.

"ಅಲ್ಲ. ಮೀನಿಗೆ ಇರೋ ಅನುಕೂಲಾನೂ ಇಲ್ಲ ಅವಳಿಗೆ."

ಅಪ್ಪ ಎದ್ದರು. ಅತ್ತೆ ತಂದಿಟ್ಟ ಬೆಲ್ಲ, ನೀರು ಹಾಗೆಯೇ ಇತ್ತು. "ಇನ್ನು ಈ ಮನೆ ನೀರು ಮುಟ್ಟಲ್ಲ ನಾನು" ಎಂದು ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ಮುಂದಿನ ವಾರ ನನಗೆ ಹೆರಿಗೆಯಾಯಿತು. ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಸರ್ಕಾರಿ ಆಸ್ಪತ್ರೆ ಹತ್ತಿರವಿತ್ತು, ಡಾಕ್ಟರಮ್ಮ ಇದ್ದರು, ಹಾಗಾಗಿ ನಾನು ಇದನ್ನು ಬರೆಯಲು ಉಳಿದಿದ್ದೇನೆ. ಹೊಳೆಯಾಚೆ ಆಗಿದ್ದರೆ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದಳು, ಅಷ್ಟೇ. ಇಷ್ಟಾದರೂ ಮಾವನದು ಸರಿ ಎಂದು ಒಬ್ಬರೂ ಒಪ್ಪಲಿಲ್ಲ. ನಂಟರು ನನ್ನ ಗ್ರಹಗತಿ ಚೆನ್ನಾಗಿತ್ತು ಎಂದರು. ಬೀದಿಯವರು, ಮೀನಿನ ಹುಚ್ಚಿನಲ್ಲಿ ಬೀಗರ ಮಾನ ಕಳೆದರು ಎಂದರು. ಅಪ್ಪ ತೊಟ್ಟಿಲ ಶಾಸ್ತ್ರಕ್ಕೂ ಬರಲಿಲ್ಲ. ಅಮ್ಮನನ್ನೂ ಕಳಿಸಲಿಲ್ಲ. ನಾನು ಬದುಕಿದ್ದು ಅವರಿಗೆ ಖುಷಿಯ ವಿಷಯವೋ ಅವಮಾನದ ವಿಷಯವೋ ನನಗೆ ಬಹಳ ಕಾಲ ತಿಳಿಯಲಿಲ್ಲ. ಮಾವ ಮಾತ್ರ ಯಾರಿಗೂ ಸಮಜಾಯಿಷಿ ಕೊಡಲು ಹೋಗಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳುವಾಗ ಬಲಗೈಯನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದರು, ಔಷಧಿ ತಾಗಬಾರದೆಂದು.

ಮಗಳು ಓಡಾಡುವ ವಯಸ್ಸಿಗೆ ಬಂದಾಗ ಮಾವ ತೀರಿಕೊಂಡರು. ಸ್ಟುಡಿಯೋದ ಬೆಂಚಿನ ಮೇಲೆ ಕೂತವರು ಹಾಗೇ ಒರಗಿದರು. ಸುದ್ದಿ ತಿಳಿದು ಅಪ್ಪ ಬಂದರು, ಆ ಜಗಳದ ಮೇಲೆ ಮೊದಲ ಸಲ; ಅಷ್ಟರಲ್ಲಿ ಹೆಣ ಎತ್ತಿಯಾಗಿತ್ತು. ಹೆಣ ಎತ್ತಿದ ಮೇಲೆ ಸಾವಿನ ಮನೆಯಲ್ಲಿ ತುಂಬಿಟ್ಟ ನೀರು ಇರಕೂಡದು. ಹಂಡೆ, ಕೊಡ, ಬಿಂದಿಗೆ ಎಲ್ಲವನ್ನೂ ಹೆಂಗಸರು ಬರಿದು ಮಾಡಿದರು. ನಾನು ಅತ್ತೆಯ ಪಕ್ಕ ಕೂತಿದ್ದೆ. ಸ್ಟುಡಿಯೋದಲ್ಲಿ ಯಾರೋ "ಈ ತೊಟ್ಟಿದೂ ಚೆಲ್ಬೇಕಲ್ಲ, ಮೀನು ಬಾವಿಗೆ ಬಿಟ್ರಾಯ್ತು" ಎನ್ನುವುದು ಕೇಳಿ ಓಡಿದೆ.

ಅಪ್ಪ ತಾಮ್ರದ ಬಿಂದಿಗೆ ಹಿಡಿದು ತೊಟ್ಟಿಯ ಮೇಲೆ ಬಗ್ಗಿದ್ದರು. ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸುವ ಮುಖ. ಚಿಪ್ಪುಗಳ ಮೇಲೆ ಒಂದು ಕಪ್ಪು ಮೀನು ಮೂಲೆ ಹಿಡಿದು ನಿಂತಿತ್ತು, ಹೊಟ್ಟೆ ಚೌಕವಾಗಿತ್ತು. ಬಾವಿಯ ತಣ್ಣನೆಯ ಸಪ್ಪೆ ನೀರಿನಲ್ಲಿ ಅದು ಬೆಳಗಿನವರೆಗೂ ಉಳಿಯುತ್ತಿರಲಿಲ್ಲ. ನನ್ನನ್ನು ಕೇಳದೆ ಕಟ್ಟಿಟ್ಟ ಆ ಟ್ರಂಕು ಕಣ್ಣ ಮುಂದೆ ಬಂತು. ಅದುವರೆಗೆ ಅಪ್ಪನೆದುರು ನಾನು ತಲೆಯೆತ್ತಿ ಮಾತಾಡಿದವಳಲ್ಲ. ಮಾವನ ಸಿಟ್ಟು ಅಷ್ಟೂ ನನ್ನ ನಾಲಿಗೆಗೆ ಬಂದು ಕೂತಿತು.

"ಈ ಮನೆ ನೀರು ಮುಟ್ಟಲ್ಲ ಅಂದಿದ್ರಲ್ಲ ಅಪ್ಪಯ್ಯ" ಎಂದೆ. "ಹಾಗೇ ಇರಿ."

ಮನೆ ತುಂಬ ಜನ. ನನ್ನ ಮಗಳು ನಡುವೆ ನುಸುಳಿ ಬಂದು, ಗಾಜು ತಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ತಾತ ಕಲಿಸಿದ ಹಾಗೆಯೇ ಮೀನು ನೋಡುತ್ತಾ ನಿಂತಳು. ಅಪ್ಪ ಅವಳನ್ನು ಕಂಡದ್ದು ಆಗಲೇ ಮೊದಲು. ಬಹಳ ಹೊತ್ತು ನೋಡಿದರು. ಆಮೇಲೆ ಬಿಂದಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು ಹಿಂದೆ ಸರಿದರು.