ಪಣಕ್ಕಿಟ್ಟ ಮೀಸೆ, ಪ್ಯಾಡೆಲ್ ಬ್ಯಾಟು

ಧೈರ್ಯವಿದ್ದರೆ ನಂಬದೆ ಇರಿ, ನೋಡೋಣ: ಎಪ್ಪತ್ತು ದಾಟಿದ ನಾನು, ಲುಂಗಿ ಬಿಟ್ಟು ಬೇರೇನೂ ಉಡದ ನಾನು, ಮೊಮ್ಮಗನ ಚಡ್ಡಿ ತೊಟ್ಟು ಪೀಳಮೇಡಿನಲ್ಲಿ ಪ್ಯಾಡೆಲ್ ಆಡಿದ್ದೇನೆ. ಅದೂ ಮೀಸೆ ಪಣಕ್ಕಿಟ್ಟು.

ನನ್ನ ಮೀಸೆ ನಮ್ಮೂರು ಕರುಮತ್ತಂಪಟ್ಟಿಗೆಲ್ಲ ಗೊತ್ತಿತ್ತು. ಬಸ್ ಸ್ಟಾಪಿಗೆ ನನಗಿಂತ ಮೊದಲು ಅದು ತಲುಪುತ್ತಿತ್ತು. ಮದುವೆಯ ಫೋಟೋದಲ್ಲಿ ಹೆಂಡತಿಗಿಂತ ಹೆಚ್ಚು ಜಾಗ ಅದಕ್ಕೇ.

ಮೊಮ್ಮಗಳಿಗೆ ಪೀಳಮೇಡಿನ ಐಟಿ ಆಫೀಸಿನಲ್ಲಿ ಕೆಲಸ. ಒಂದು ಭಾನುವಾರ ಫೋನಿನಲ್ಲಿ ಈ ಆಟ ತೋರಿಸಿದಳು: ನಡುವೆ ನೆಟ್, ಹಿಂದೆ ಗಾಜಿನ ಗೋಡೆ, ತೂತು ತೂತಿನ ದಪ್ಪ ಬ್ಯಾಟು. "ಇದೇನ್ ಮಹಾ! ಒಂದೇ ಬೆಳಗ್ಗೇಲಿ ಕಲ್ತು ಗೆಲ್ತೀನಿ" ಎಂದೆ.

ಪಕ್ಕದಲ್ಲೇ ನನ್ನ ಹೆಂಡತಿಯ ತಮ್ಮ, ನಾನು ಮಚ್ಚ ಎಂದು ಕರೆಯುವವನು, ಕೂತಿದ್ದ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸಿದವರು. ಅವನ ಕಿವಿ ಮಂದವಾದದ್ದು ಮಗ್ಗದ ಸದ್ದಿಗಿಂತ ನನ್ನ ಬಡಾಯಿಯಿಂದಲೇ ಹೆಚ್ಚು.

"ಬಾವ, ನನ್ ಎದುರು ಆಡು. ಒಂದು ಗೇಮ್. ಸೋತ್ರೆ ಮೀಸೆ ತೆಗೀಬೇಕು."

"ನೀ ಸೋತ್ರೆ?"

"ನಂದೂ ತೆಗೀತೀನಿ."

"ಅದು ಮೀಸೇನಾ ಮಚ್ಚಾ? ಟೀ ಅಂಟಿದೆ ಅಂದ್ಕೊಂಡಿದ್ದೆ!"

ಮುಂದಿನ ಭಾನುವಾರ ಪೀಳಮೇಡಿನ ಕೋರ್ಟಿನಲ್ಲಿ ಇಬ್ಬಿಬ್ಬರ ಆಟ: ಮೊಮ್ಮಗಳು ನನ್ನ ಜೋಡಿ. ಅವಳ ಆಫೀಸಿನ ಧಾರವಾಡದ ಹುಡುಗ ಮಚ್ಚನ ಜೋಡಿ, ಕಲಿಸುವವನೂ ಅವನೇ.

"ಅಜ್ಜಾರ, ಚೆಂಡು ಮೊದಲ ನೆಲಕ್ಕ ಬೀಳಬೇಕ್ರಿ, ಆಮ್ಯಾಲ ಹಿಂದಿನ ಗಾಜಿಗೆ ಬಡದ್ರೂ ನಡೀತೈತಿ. ಅದು ವಾಪಸ್ ಬರೂತನಕ ಕಾಯ್ದು ಹೊಡೀರಿ. ಸೀದಾ ಆ ಕಡೆ ಗಾಜಿಗೆ ಹೊಡದ್ರ ಹೊಡದವ್ರು ಔಟು. ಮೈಗೆ ತಾಕಿಸ್ಕೊಂಡ್ರ ತಾಕಿಸ್ಕೊಂಡವ್ರು ಔಟು."

"ಇಷ್ಟೇನಾ?" ಎಂದು ಮೀಸೆ ತಿರುವಿದೆ.

ಮೊದಲ ಚೆಂಡು ನನ್ನ ಬೆನ್ನ ಹಿಂದಿನ ಗಾಜಿಗೆ ಟಪ್ಪೆಂದಿತು. ಮರುಕ್ಷಣ ನಾನು ಕುಕ್ಕರುಗಾಲಿನಲ್ಲಿ, ತಲೆಯ ಮೇಲೆ ಬ್ಯಾಟು.

"ತಾತಾ, ಯಾಕೆ ಕೂತೆ?"

ಮಗ್ಗದ ಲಾಳಿ, ನಮ್ಮ ಬಾಯಲ್ಲಿ ನಾಡಾ, ಒಮ್ಮೊಮ್ಮೆ ಹಾದಿ ಬಿಟ್ಟು ಹಾರುತ್ತದೆ. ಅದರ ತುದಿ ಚೂಪು. ಟಪ್ಪೆಂದರೆ ಮೊದಲು ಕೂರು, ಆಮೇಲೆ ಯೋಚಿಸು. ಇದು ಶೆಡ್ಡಿನ ಮೊದಲ ಪಾಠ.

ಮುಂದಿನ ಚೆಂಡು ಆ ಕಡೆಯ ಗಾಜಿಗೆ ಬಡಿಯಿತು. ಮಚ್ಚನೂ ಕೂತ! ಆಮೇಲೆ ಅವನೊಮ್ಮೆ, ನಾನೊಮ್ಮೆ. ಹೊರಗೆ ನಿಂತವರು ಇದೂ ಆಟದ ನಿಯಮವೆಂದೇ ತಿಳಿದರು. ಹೀಗೆ ಕೂತು ಎದ್ದು ನಲವತ್ತಕ್ಕೆ ನಲವತ್ತಾಯಿತು. ಇನ್ನೊಂದೇ ಪಾಯಿಂಟು, ಗೆದ್ದವರಿಗೆ ಗೇಮ್.

ಚೆಂಡು ಮಚ್ಚನ ಕಡೆ ಹೋಗುತ್ತಿದ್ದಂತೆ "ನಾಡಾ!" ಎಂದು ಅರಚಿದೆ. ಅವನು ಧೊಪ್ಪನೆ ಕೂತ. ಚೆಂಡು ಅವನ ಮುಂದೆಯೇ ಎರಡು ಸಲ ಕುಣಿದು ಪಾಯಿಂಟು ನಮ್ಮದಾಯಿತು.

"ಬಾವ, ಇದು ಕಳ್ಳಾಟ!"

ಧಾರವಾಡದ ಹುಡುಗ ನ್ಯಾಯ ಹೇಳಿದ: ಪಾಯಿಂಟು ಮತ್ತೆ ಆಡಬೇಕು.

ಈ ಸಲ ಮಚ್ಚ ಕೂಗುವುದು ಖಂಡಿತ. ಆಕಾಶವೇ ಬಿದ್ದರೂ ಕೂರಬಾರದೆಂದು ಛಲ ತೊಟ್ಟು ನೆಟ್ ಹತ್ತಿರ ಕಂಬದಂತೆ ನಿಂತೆ. "ನಾಡಾ!" ಎಂದು ಮಚ್ಚ ಕೂಗಿ, ಕಣ್ಣು ಮುಚ್ಚಿ ಬೀಸಿದ ನೋಡಿ, ಚೆಂಡು ಬಾಣದಂತೆ ಬಂದು ಸೀದಾ ನನ್ನ ಮೀಸೆಗೇ ಬಡಿಯಿತು.

"ಅಯ್ಯೋ ತಾತಾ! ಬೇಡದಾಗೆಲ್ಲಾ ಕೂತೆ, ಈಗ ಕೂತಿದ್ರೆ ಅದು ಸೀದಾ ಗಾಜಿಗೆ ಹೋಗಿ ಅವ್ರೇ ಔಟಾಗ್ತಿದ್ರು!"

"ಅವ್ನೂ ಕೂಗ್ದ, ಮತ್ತೆ ಆಡ್ಬೇಕು!" ಎಂದೆ.

"ಕೂಗಿದ್ದಕ್ಕ ನೀವೇನ್ ಕೂತ್ರೇನ್ರಿ ಅಜ್ಜಾರ?" ಎಂದ ಧಾರವಾಡದವನು.

ಸಲೂನಿನಲ್ಲಿ ಕನ್ನಡಿ ಹಿಡಿದು ನಿಂತವನು ಮಚ್ಚನೇ. ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ತಡೆದು, "ಯಾರ್ ಬೇಕಿತ್ತು?" ಎಂದಳು.

ಇಷ್ಟೂ ನಿಜ, ಒಂದು ಬಿಟ್ಟು. ಛಲ ತೊಟ್ಟು ನಿಂತೆ ಎಂದೆನಲ್ಲ, ಅದು ಮಾತ್ರ ಕಟ್ಟುಕತೆ. ಕೂರಲು ಎಷ್ಟೋ ನೋಡಿದೆ. ಅಷ್ಟು ಸಲ ಕೂತು ಎದ್ದ ಮಂಡಿ, ಬೇಕಾದ ಆ ಹೊತ್ತಿಗೆ ಬಗ್ಗಲೇ ಇಲ್ಲ.