ಅಣ್ಣನ ರಂದಾದೊಳಗಿನ ರಟ್ಟು

ಅಣ್ಣ ತೀರಿಕೊಂಡಾಗ ಲಕ್ಷ್ಮೇಶ್ವರದ ಮನೆಯ ಹಿತ್ತಲ ಬಾಗಿಲಿಗೆ ಅವನು ಮಾಡುತ್ತಿದ್ದ ಎರಡು ಕದಗಳಲ್ಲಿ ಒಂದೇ ಸಿದ್ಧವಾಗಿತ್ತು. ಇನ್ನೊಂದು ಬೇವಿನ ಕದ ಒರಟಾಗಿಯೇ ಗೋಡೆಗೆ ಒರಗಿತ್ತು. ಅದನ್ನು ಅವನದೇ ರಂದಾದಿಂದ ಹೆರೆದು ನುಣುಪು ಮಾಡಿ ಕೂಡಿಸಬೇಕೆಂದು ನಾನು ಹಟ ಹಿಡಿದೆ.

ಆ ಕಬ್ಬಿಣದ ರಂದಾವನ್ನು ಅವನು ಗದಗ ಜಿಲ್ಲೆಯಾದ ವರ್ಷ ಬೆಟಗೇರಿಯ ಗುಜರಿ ಅಂಗಡಿಯಿಂದ ತಂದಿದ್ದ. ಆಗಲೇ ಹಳೆಯದು, ಹೊಸದಿದ್ದಾಗಲೂ ಅಗ್ಗದ್ದೇ ಇರಬೇಕು. ಅಲಗನ್ನು ಇಳಿಸುವ ಚಕ್ರ ಅರ್ಧ ಸುತ್ತು ಸುಮ್ಮನೆ ತಿರುಗಿ ಆಮೇಲೆ ಒಮ್ಮೆಲೇ ಹಿಡಿಯುತ್ತದೆ. ಅಲಗಿನ ಓರೆ ತಿದ್ದುವ ಹಿಡಿ ತೆಳು ತಗಡಿನದು, ಒತ್ತಿದರೆ ತಾನೇ ಬಾಗುತ್ತದೆ. ಇವೆಲ್ಲ ನನಗೆ ಗೊತ್ತಿದ್ದವು. ಆದರೆ ಈ ಸಲ ಅಲಗು ನಿಲ್ಲಲೇ ಇಲ್ಲ. ನೂಕಿದರೆ ಕಟಕಟ ನಡುಗಿ ಕಟ್ಟಿಗೆ ಕಿತ್ತುಬರುತ್ತಿತ್ತು, ಚೂರುಗಳು ರಂದಾದ ಬಾಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಬಿಚ್ಚುವುದು, ಊದುವುದು, ಮತ್ತೆ ಕೂಡಿಸುವುದು. ಮಧ್ಯಾಹ್ನದವರೆಗೆ ಇದೇ ಆಯಿತು.

ಅತ್ತಿಗೆ ಚಹಾ ಇಟ್ಟು ನೋಡುತ್ತ ನಿಂತರು. "ಬಜಾರದಾಗ ಮಶೀನ ಐತಲ್ರಿ, ಒಯ್ದು ಹಾಕಿಸ್ರಿ. ಕದಾ ಪೂರಾ ತಿಂದು ಹಾಕ್ತೀರಿ."

"ಇದರಾಗ ಏನೋ ಕಮ್ಮಿ ಐತಿ ವೈನಿ. ಯಾರರ ಬಿಚ್ಚಿದ್ರೇನ್ರಿ?"

"ಮಾನಮಿ ಆಯುಧ ಪೂಜಿಗೆ ಅವರು ದವಾಖಾನ್ಯಾಗ ಇದ್ರಲ್ರಿ, ನಾನ ಬಿಚ್ಚಿ ತೊಳದು ಎಣ್ಣಿ ಹಚ್ಚಿದ್ದೆ. ಒಳಗ ಕಡ್ಡಿಪೆಟ್ಟಿಗಿ ರಟ್ಟಿನ ತುಂಡು ಇತ್ತು, ಕರ್ರಗ. ಒಲಿಗೆ ಹಾಕಿದೆ."

ನಾನು ಅಲಗು ಬಿಚ್ಚಿ, ಅದು ಕೂಡುವ ಜಾಗದ ಮೇಲೆ ಬೆರಳಾಡಿಸಿದೆ.

"ಕಸಾ ಅಲ್ಲೇನ್ರಿ ಅದು?" ಅವರ ದನಿ ಸಣ್ಣದಾಯಿತು.

"ಕಸಾನ ಬಿಡ್ರಿ," ಅಂದೆ.

ಅಲಗು ಕೂಡುವ ಜಾಗ ಮೊದಲಿನಿಂದಲೇ ಸಮ ಇರಲಿಲ್ಲ. ಅಣ್ಣ ಸಂದಿಗೆ ರಟ್ಟು ಕೊಟ್ಟು ಅಲಗನ್ನು ಬಿಗಿದಿದ್ದ. ನಾನೂ ಕಡ್ಡಿಪೆಟ್ಟಿಗೆ ಹರಿದು ಒಂದು ತುಂಡು ಇಟ್ಟೆ. ದಪ್ಪವಾಯಿತು. ಪದರ ಸುಲಿದರೆ ತೆಳುವಾಯಿತು. ಎಡಕ್ಕೆ ಇಟ್ಟಿದ್ದನೋ ಬಲಕ್ಕೋ, ಕೇಳೋಣವೆಂದರೆ ಅವನಿಲ್ಲ. ರಂದಾವನ್ನು ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು. ಸಂಜೆಗೆ ಹೇಗೋ ಉದ್ದ ಸುರುಳಿ ಬರತೊಡಗಿತು. ಆದರೂ ಪ್ರತಿ ಸಲ ಎಡಗಡೆ ಒಂದು ಗೀರು ಉಳಿಯುತ್ತಿತ್ತು. ಏನು ಮಾಡಿದರೂ ಹೋಗಲಿಲ್ಲ.

ಕದ ಕೂಡಿಸಿದ ಮೇಲೆ ಅತ್ತಿಗೆ ಎರಡರ ಮೇಲೂ ಅಂಗೈ ಆಡಿಸಿದರು. ಅಣ್ಣನ ಕದ ನುಣ್ಣಗಿತ್ತು.

"ನಿಮ್ಮದರಾಗ ಗೀರ ಅದಾವು."

"ಹೌದ್ರಿ. ನಾಳೆ ಮತ್ತ ರಂದಾ ಹೊಡೀತೀನಿ."

"ಬ್ಯಾಡ್ರಿ. ಅವರದು ಯಾವುದಂತ ಕತ್ತಲದಾಗೂ ಕೈಗೆ ಗೊತ್ತಾಗತೈತಿ."

ರಂದಾ ಒರೆಸಿ ಅಟ್ಟಕ್ಕಿಟ್ಟೆ. ರಟ್ಟನ್ನು ಒಳಗೇ ಬಿಟ್ಟೆ.