ತಿರುವಿಗೆ ಸುರಿದ ಟ್ಯಾಂಕರ್ ನೀರು

ಶ್ರೀರಾಂಪುರದ ನಮ್ಮ ಬೀದಿಗೆ ಒಂದು ಟ್ಯಾಂಕರ್ ನೀರು ಬಾಕಿ ಇದೆ. ಎಂಬತ್ಮೂರರ ಏಪ್ರಿಲ್‌ನಿಂದ ಬಾಕಿ. ಅದನ್ನು ಕೇಳಲು ಹೋದ ಅಂಜಿನಮ್ಮ ಈಗ ಆರೋಪಿ.

ಅಂಜಿನಮ್ಮ ಇಡ್ಲಿ ಮಾರುವವಳು. ಗಂಡ ಬೈರಯ್ಯ ದುಡಿಯುತ್ತಿದ್ದ ಗಿರಣಿ ಬಾಗಿಲು ಹಾಕಿದ ಮೇಲೆ ಮನೆ ಮುಂದೆಯೇ ಒಲೆ ಹೂಡಿದಳು. ಗಿರಣಿ ತೆರೆಸಿ ಅಂತ ನಾವು ತೆಗೆಯುತ್ತಿದ್ದ ಮೆರವಣಿಗೆಗೆ ಎಂದೂ ಬಂದವಳಲ್ಲ. "ನೀವು ಕೂಗ್ಕೊಂಡು ಬನ್ನಿ, ಹಸ್ದಿರ್ತೀರ, ಇಡ್ಲಿ ಇಟ್ಟಿರ್ತೀನಿ" ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ನಲ್ಲಿಗಳು ಒಣಗಿದ್ದವು. ಟ್ಯಾಂಕರ್ ಬಂದರೆ ಅವಳ ಅಕ್ಕಿ ನೆನೆಯುತ್ತಿತ್ತು, ಇಲ್ಲದಿದ್ದರೆ ಒಲೆ ತಣ್ಣಗೆ. ನಮ್ಮಲ್ಲಿ ಸಾಲಿಗೆ ಬಿಂದಿಗೆ ಇಟ್ಟರೆ ಮನುಷ್ಯರೇ ನಿಂತ ಹಾಗೆ. ಅದನ್ನು ಸರಿಸಿದವನಿಗೆ ಪೊರಕೆ ಸೇವೆ. ಅವತ್ತು ಬೆಳಿಗ್ಗೆಯಿಂದ ಬಿಂದಿಗೆಗಳು ಬಿಸಿಲಲ್ಲಿ ಕಾದವು. ಟ್ಯಾಂಕರ್ ಮಲ್ಲೇಶ್ವರಂ ಕಡೆ ತಿರುಗಿತು ಅಂತ ಯಾರೋ ಅಂದರು. ಅಂಜಿನಮ್ಮ ಬಿಂದಿಗೆ ಸೊಂಟಕ್ಕೇರಿಸಿ ಹೊರಟಳು. ಹಿಂದೆ ಬೀದಿಯ ಹೆಂಗಸರು, ನಾನು.

ಮಲ್ಲೇಶ್ವರಂನ ಒಂದು ಅಡ್ಡರಸ್ತೆಯ ಇಳಿಜಾರಿನಲ್ಲಿ ನಮ್ಮ ಟ್ಯಾಂಕರ್ ನಿಂತಿತ್ತು. ಕೊಳಾಯಿಯಿಂದ ಕೊನೆಯ ನೀರು ತೊಟ್ಟಿಕ್ಕುತ್ತಿತ್ತು. ತಿರುವಿನ ತುಂಬ ಹೊಳೆ! ಕಾರಿನ ಹುಚ್ಚು ಹತ್ತಿದ ಹುಡುಗರು ಟ್ಯಾಂಕರ್ ಡ್ರೈವರನ ಕೈ ಬೆಚ್ಚಗೆ ಮಾಡಿದ್ದರು. ಮಳೆಗಾಲದ ರೇಸಿಗೆ ಅಭ್ಯಾಸವಂತೆ. ಒಂದು ಫಿಯೆಟ್ ಕಾರು, ಇನ್ನೊಂದು ಎರಡು ಬಾಗಿಲಿನ ಕೆಂಪು ಹೆರಾಲ್ಡ್ ಕಾರು. ಎರಡರ ಎಂಜಿನ್ನನ್ನೂ ಬಿಚ್ಚಿ ಜೋರು ಹೆಚ್ಚಿಸಿದ್ದರು. ಒಣರಸ್ತೆಯಲ್ಲಿ ಹೆರಾಲ್ಡೇ ಚುರುಕು ಅಂತ ಆಗಲೇ ತೀರ್ಮಾನವಾಗಿತ್ತು. ಒದ್ದೆಯಲ್ಲಿ ಯಾವುದರ ಚಕ್ರ ನೆಲ ಹಿಡಿಯುತ್ತೆ ಅಂತ ನೋಡುವುದು ಬಾಕಿ.

"ಏನ್ರಪ್ಪಾ, ರಸ್ತೆಗೆ ಸ್ನಾನ ಮಾಡಿಸ್ತಿದೀರಾ?" ಅಂದಳು ಅಂಜಿನಮ್ಮ.

ಹೆರಾಲ್ಡಿನ ಒಡೆಯ ಚಕ್ರಪಾಣಿ ನಕ್ಕ. "ಟೆಸ್ಟ್ ನಡೀತಿದೆ, ಸೈಡಿಗೆ ಹೋಗಮ್ಮ."

"ನಮ್ಮನೇಲಿ ಅಕ್ಕಿ ತೊಳಿಯೋಕೆ ನೀರಿಲ್ಲ ಕಣಪ್ಪ."

"ಮಳೆ ಬರುತ್ತೆ ಬಿಡಮ್ಮ."

"ಹಂಗಾದ್ರೆ ನೀನೂ ಮಳೆಗೇ ಕಾಯಿ, ಮಗಾ!"

ಒದ್ದೆ ತಿರುವಿಗೆ ಅಡ್ಡಲಾಗಿ ತನ್ನ ಬಿಂದಿಗೆ ಇಟ್ಟಳು. ಪಕ್ಕದಲ್ಲಿ ನೆರೆಮನೆಯ ಹನುಮಕ್ಕನದು, ಆಮೇಲೆ ಮಿಕ್ಕವರದು. ಸಾಲಾಯಿತು. ನಾವು ಫುಟ್‌ಪಾತ್ ಹತ್ತಿದೆವು. ಬಡವರು ಬಿಂದಿಗೆ ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ ಅನ್ನುವ ಕೊಬ್ಬಿನಲ್ಲಿ ಎರಡೂ ಕಾರು ಇಳಿಜಾರಿನ ಮೇಲಿಂದ ಬಂದವು. ಫಿಯೆಟ್ ಕಿರುಗುಟ್ಟಿಕೊಂಡು ಸಾಲಿನ ಹತ್ತಿರ ನಿಂತಿತು. ಹೆರಾಲ್ಡಿನ ಹಿಂಭಾಗ ತಿರುಗಿಕೊಂಡು, ಬಿಂದಿಗೆಗಳನ್ನು ಅಪ್ಪಚ್ಚಿ ಮಾಡಿ, ಕಾಂಪೌಂಡಿಗೆ ಗುದ್ದಿತು. ಚಕ್ರಪಾಣಿಗೆ ತರಚು ಗಾಯವೂ ಇಲ್ಲ.

"ಫಿಯೆಟ್ಟೇ ಗೆಲ್ತು. ಟೆಸ್ಟ್ ಮುಗೀತಲ್ಲ, ಈಗ ನಮ್ಮ ನೀರು ತಂದು ಹಾಕ್ರೋ!" ಅಂದಳು ಅಂಜಿನಮ್ಮ, ಚಪ್ಪಟೆಯಾದ ಬಿಂದಿಗೆ ಹಿಡಿದು.

ನೀರು ಬರಲಿಲ್ಲ, ಪೊಲೀಸರು ಬಂದರು. ಅಷ್ಟರಲ್ಲಿ ಬಿಸಿಲು ರಸ್ತೆಯನ್ನು ನೆಕ್ಕಿ ಒಣಗಿಸಿತ್ತು. ಚಕ್ರಪಾಣಿ ಬರೆಸಿದ್ದು ಹೀಗೆ: ಒಣರಸ್ತೆಯಲ್ಲಿ ಮೆಲ್ಲಗೆ ಬರುತ್ತಿದ್ದೆ, ಈ ಹೆಂಗಸು ಕಾರಿಗೆ ಬಿಂದಿಗೆ ಎಸೆದಳು. ಟ್ಯಾಂಕರ್ ಡ್ರೈವರ್ ಹೇಳಿದ್ದು: ನೀರನ್ನು ಶ್ರೀರಾಂಪುರಕ್ಕೇ ಬಿಟ್ಟೆ. ಒಣರಸ್ತೆಯಲ್ಲಿ ಮೆಲ್ಲಗೆ ಬಂದ ಕಾರು ಹಾಗೆ ಜಾರಿ ಗೋಡೆಗೆ ಗುದ್ದುತ್ತಾ ರೀ? ನಾವು ಕಂಡದ್ದನ್ನು ಹೇಳಿದರೆ ಪೊಲೀಸರು "ನೀವೂ ಗುಂಪಿನವರೇ" ಅನ್ನುತ್ತಾರೆ.

ಆ ತಿರುವಿನ ಮನೆಗಳವರೇ, ಜಗುಲಿಯಲ್ಲಿ ನಿಂತು ಕಾಫಿ ಕುಡಿಯುತ್ತ ಎಲ್ಲ ನೋಡಿದವರು ನೀವು. ನೀರು ನಿಮ್ಮ ಗೇಟಿನವರೆಗೆ ಹರಿದಿತ್ತು. ಸೋಮವಾರ ಅವಳ ಕೇಸು ಕೋರ್ಟಿಗೆ ಬರುತ್ತೆ. ಬನ್ನಿ, ಕಟಕಟೆ ಹತ್ತಿ, ರಸ್ತೆ ಒದ್ದೆಯಿತ್ತು ಅಂತ ಹೇಳಿ. ಬರ್ತೀರೋ, ಇಲ್ಲವೋ?